ಮೂರೇ ಕೋನಗಳಿಗೆ ಸಿಗದ ತೆಂಗಿನ ಮರ

ಹತ್ತನೇ ತರಗತಿಯ ಗಣಿತ ಪುಸ್ತಕದ ಆ ಮರ ಅನೇಕರಿಗೆ ನೆನಪಿರಬಹುದು. ಬಿರುಗಾಳಿಗೆ ಮುರಿದು ಬಾಗಿದೆ, ತುದಿ ನೆಲಕ್ಕೆ ತಾಗಿ 30 ಡಿಗ್ರಿ ಕೋನ ಮಾಡಿದೆ, ಬುಡದಿಂದ ತುದಿಗೆ 8 ಮೀಟರ್. ಮರದ ಎತ್ತರ 8√3. ‘ತ್ರಿಕೋನಮಿತಿಯ ಅನ್ವಯಗಳು’ ಪಾಠದಲ್ಲಿ ಗೋಪುರ, ಗಾಳಿಪಟ, ದೀಪಸ್ತಂಭ, ಹಡಗು ಎಲ್ಲವೂ ಬರುತ್ತವೆ. ಆದರೆ ಅವೆಲ್ಲ ಹೆಚ್ಚುಕಮ್ಮಿ 30, 45, 60 ಡಿಗ್ರಿಗಳಲ್ಲೇ ನಿಂತಿರುತ್ತವೆ.

ಈ ಪಾಠದ ಲೆಕ್ಕಗಳನ್ನು ಸರಾಗವಾಗಿ ಬಿಡಿಸುತ್ತಿದ್ದ ನನ್ನ ಅಕ್ಕನ ಮಗಳಿಗೆ ಹಿತ್ತಲ ತೆಂಗಿನ ಮರ ತೋರಿಸಿ, ಎತ್ತರ ಹೇಳು ನೋಡೋಣ ಅಂದೆ. ‘ಕೋನ ಎಷ್ಟು ಅಂತ ಕೊಡಬೇಕಲ್ವಾ ಮಾಮ?’ ಅಂದಳು. ಅವಳ ತಪ್ಪೇನೂ ಇಲ್ಲ. ಕೋನವನ್ನು ಯಾರೋ ಅಳೆದಿರಬೇಕು ಎಂಬ ಮಾತೇ ಪಾಠದಲ್ಲಿ ಅವಳ ಕಿವಿಗೆ ಬಿದ್ದಿರಲಿಲ್ಲ.

ಕೋನಮಾಪಕದ ನೇರ ಅಂಚಿಗೆ ಒಂದು ಸ್ಟ್ರಾ ಅಂಟಿಸಿ, ನಡುವಿನ ತೂತಿಗೆ ದಾರ ಕಟ್ಟಿ, ದಾರದ ತುದಿಗೊಂದು ನಟ್ಟು ತೂಗುಬಿಟ್ಟೆವು. ಬುಡದಿಂದ 12 ಮೀಟರ್ ದೂರ ನಿಂತು ಸ್ಟ್ರಾದೊಳಗಿಂದ ಮರದ ತುದಿ ನೋಡಿದಾಗ ದಾರ 48ರ ಮೇಲೆ ನಿಂತಿತು. ಉನ್ನತ ಕೋನ ಅದಲ್ಲ, 90ರಲ್ಲಿ ಅದನ್ನು ಕಳೆಯಬೇಕು ಎಂದು ಅವಳಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. 42 ಡಿಗ್ರಿಯ ಟ್ಯಾನ್ ಬೆಲೆ 0.9, ಹಾಗಾಗಿ 10.8 ಮೀಟರ್. ಕಣ್ಣಿನ ಎತ್ತರ 1.4 ಸೇರಿಸಿದರೆ 12.2. ಮತ್ತೊಮ್ಮೆ ನೋಡಿದರೆ 44 ಡಿಗ್ರಿ! ಎತ್ತರ ಸುಮಾರು 80 ಸೆಂಟಿಮೀಟರ್ ಏರಿತು. ಮರಕ್ಕೆ ಹತ್ತಿರ, 4 ಮೀಟರಿನಲ್ಲಿ ನಿಂತರೆ ಕೋನ 70ರ ಆಸುಪಾಸು. ಅಲ್ಲಿ ಅದೇ ಎರಡು ಡಿಗ್ರಿಯ ತಪ್ಪು ಎತ್ತರವನ್ನು ಒಂದೂಕಾಲು ಮೀಟರಿಗಿಂತ ಹೆಚ್ಚು ಕೆಡಿಸುತ್ತದೆ. ಕೋನ 45ರ ಹತ್ತಿರ ಇರುವ ಕಡೆ ನಿಂತು ಅಳೆದರೆ ತಪ್ಪಿನ ಏಟು ಅತಿ ಕಡಿಮೆ. 45ಕ್ಕೆ ಇರುವ ಈ ನಿಜವಾದ ಮಹತ್ವ ಕಣ್ಣಿಗೆ ಬೀಳಬೇಕಾದರೆ ಅಂಗಳಕ್ಕೇ ಇಳಿಯಬೇಕು.

ಪುಸ್ತಕ ಆ ಮೂರು ಕೋನಗಳನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಸಮಬಾಹು ತ್ರಿಭುಜವನ್ನು ಅರ್ಧ ಮಾಡಿದರೆ, ಚೌಕಕ್ಕೆ ಕರ್ಣ ಎಳೆದರೆ ಅವುಗಳ ಬೆಲೆ ಕೈಲೆಕ್ಕದಲ್ಲೇ ಸಿಗುತ್ತದೆ. ಕಲಿಕೆ ಅಲ್ಲಿಂದ ಶುರುವಾಗುವುದು ಸರಿ. ಅಲ್ಲೇ ಮುಗಿಯುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಗಾಲಿಕುರ್ಚಿಯ ರ‍್ಯಾಂಪನ್ನೇ ನೋಡಿ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು ಎನ್ನುವುದು ಸಾಮಾನ್ಯವಾಗಿ ಒಪ್ಪಿದ ಅಳತೆ. ಕೋನ ಸುಮಾರು 4.8 ಡಿಗ್ರಿ. 60 ಸೆಂಟಿಮೀಟರ್ ಎತ್ತರದ ಜಗಲಿಗೆ 7.2 ಮೀಟರ್ ರ‍್ಯಾಂಪ್ ಬೇಕಾಗುತ್ತದೆ. ಪಠ್ಯದ 30 ಡಿಗ್ರಿಯಲ್ಲಿ ಕಟ್ಟಿದರೆ ಒಂದು ಮೀಟರ್ ಜಾಗದಲ್ಲೇ ಮುಗಿದೀತು, ಆದರೆ ಅದರ ಮೇಲೆ ಗಾಲಿಕುರ್ಚಿ ಹತ್ತದು. ಗೋಡೆಗೆ ಒರಗಿಸುವ ಏಣಿಗೂ ಸುರಕ್ಷಿತ ಕೋನ 60 ಅಲ್ಲ, 75ರ ಹತ್ತಿರ.

ಈ ವಿದ್ಯೆಗೆ ನಮ್ಮ ನೆಲದ ನಂಟೂ ಇದೆ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಮೈಸೂರು ಸೀಮೆಯ ಸರ್ವೆಗೆ ಬೆಂಗಳೂರಿನ ಬಳಿ ಆಧಾರರೇಖೆ ಅಳೆದ. ಒಂದು ಗೆರೆಯನ್ನು ಸರಪಳಿಯಲ್ಲಿ ಅಳೆದು, ಮಿಕ್ಕ ದೂರಗಳನ್ನು ಗುಡ್ಡದಿಂದ ಗುಡ್ಡಕ್ಕೆ ಕೋನ ನೋಡಿ ಲೆಕ್ಕ ಹಾಕುವ ಕ್ರಮ ಅದು. ಆ ಕೋನಗಳಲ್ಲಿ ಯಾವುದೂ ಮೊದಲೇ ಕೊಟ್ಟದ್ದಲ್ಲ.

ಪಾಸಿಂಗ್ ಪ್ಯಾಕೇಜಿನ ಒತ್ತಡದಲ್ಲಿ ಮೇಷ್ಟ್ರಿಗೆ ಮರ ಅಳೆಸಲು ಪುರುಸೊತ್ತೆಲ್ಲಿ ಎಂದು ಕೇಳಬಹುದು. ಕೇಳುವುದು ನ್ಯಾಯವೇ. ಅದಕ್ಕೇ ಬದಲಾವಣೆ ಪರೀಕ್ಷೆಯಿಂದಲೇ ಬರಬೇಕು. ಟ್ಯಾನ್ ಬೆಲೆಗಳ ಒಂದು ಪುಟ ಪುಸ್ತಕಕ್ಕೆ ಸೇರಲಿ, 42 ಡಿಗ್ರಿಯಂಥ ಕೋನದ ಒಂದು ಪ್ರಶ್ನೆ ಬರಲಿ. ಎಸ್ಸೆಸ್ಸೆಲ್ಸಿಯ ಆಂತರಿಕ ಮೌಲ್ಯಮಾಪನದ 20 ಅಂಕಗಳಲ್ಲಿ ಒಂದೆರಡಾದರೂ ಹೊರಗೆ ಹೋಗಿ ಅಳೆದು ತಂದ ಲೆಕ್ಕಕ್ಕೆ ಸಿಗಲಿ. ಮೊದಲ ಕೆಲಸವಾಗಿ ಮಕ್ಕಳು ತಮ್ಮ ಶಾಲೆಯ ರ‍್ಯಾಂಪನ್ನೇ ಅಳೆಯಲಿ. ಒಂದಕ್ಕೆ ಹನ್ನೆರಡರ ಅಳತೆಗಿಂತ ಕಡಿದಾಗಿದ್ದರೆ ಆ ಲೆಕ್ಕದ ಹಾಳೆಯನ್ನು ಎಸ್‌ಡಿಎಂಸಿ ಸಭೆಯ ಮುಂದಿಡಲಿ.