ನೀರಲ್ಲಿರುವ ಎಮ್ಮೆಗೆ ದಡದಲ್ಲಿ ಬೆಲೆ

ಪುಣೆಯ ಹೊರವಲಯದ ಚಾಕಣದಲ್ಲಿ ಕಾರು ತಯಾರಿಸುವ ಕಾರ್ಖಾನೆಗಳಿವೆ, ಅವುಗಳ ಸುತ್ತ ಬಿಡಿಭಾಗ ಮಾಡಿಕೊಡುವ ಸಣ್ಣ ದೊಡ್ಡ ಘಟಕಗಳಿವೆ. ಅಲ್ಲಿ ಕೆಲಸ ಮಾಡುವ ಎಲ್ಲರಿಗೂ ಗೊತ್ತಿರುವ ನಿಯಮ ಒಂದಿದೆ: ಎಲ್ಲೋ ಒಂದು ಹಂತದಲ್ಲಿ ಅಳೆದು ನೋಡಿ ಸಹಿ ಬೀಳದೆ ಯಾವ ಮಾಲೂ ಲೈನಿಗೆ ಹೋಗುವಂತಿಲ್ಲ. ಎರಡು ರೂಪಾಯಿಯ ಬೋಲ್ಟಿಗೂ ಹಿಂದೆ ಒಂದು ಕಾಗದ ಇರುತ್ತದೆ. ಈ ಕೆಲಸದಲ್ಲಿ ಬೆಳಗಾವಿ, ಧಾರವಾಡ, ವಿಜಯಪುರ, ಕಲಬುರಗಿ ಕಡೆಯಿಂದ ಬಂದ ಕನ್ನಡಿಗರೂ ಇದ್ದಾರೆ.

ಅಂಥ ಒಬ್ಬ ಎಂಜಿನಿಯರ್‌ನನ್ನು ಕಲ್ಪಿಸಿಕೊಳ್ಳೋಣ. ವಾರವಿಡೀ ಮೈಕ್ರಾನ್ ಲೆಕ್ಕ ಹಿಡಿದು ಮಾಲು ವಾಪಸ್ ಕಳಿಸುವವನು ಭಾನುವಾರ ಬೆಳಿಗ್ಗೆ ಬಾಣೇರ್‌ನ ಒಂದು ಅಪಾರ್ಟ್‌ಮೆಂಟಿನ ಕೆಳಗೆ ಹತ್ತು ವರ್ಷ ಹಳೆಯ, ಎರಡು ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರಿನ ಮುಂದೆ ನಿಂತಿದ್ದಾನೆ. ಹುಡುಗನಾಗಿದ್ದಾಗ ಗೋಡೆಗೆ ಅಂಟಿಸಿದ್ದ ಚಿತ್ರದ ಕಾರು ಅದು. ಹದಿನೈದು ನಿಮಿಷ ಓಡಿಸುತ್ತಾನೆ. ಸಂಜೆ ಇನ್ನೊಬ್ಬರು ನೋಡಲು ಬರುತ್ತಿದ್ದಾರೆ ಎಂದು ಮಾರುವವರು ಹೇಳುತ್ತಾರೆ. ಅಲ್ಲೇ ನಿಂತು ಫೋನಿನಿಂದ ಟೋಕನ್ ಹಣ ಕಳಿಸುತ್ತಾನೆ. ಎರಡು ರೂಪಾಯಿಯ ಬೋಲ್ಟಿಗೆ ಇದ್ದ ತಪಾಸಣೆ ಹದಿನೈದು ಲಕ್ಷದ ಕಾರಿಗೆ ಇಲ್ಲ.

ಅವನಿಗೆ ಗೊತ್ತಿಲ್ಲದೆ ಆದ ತಪ್ಪು ಎನ್ನುವಂತಿಲ್ಲ. ಗೊತ್ತಿರುವವರೇ ಹೀಗೆ ಮಾಡುತ್ತಾರೆ. ಕನ್ಯೆ ನೋಡಿ ಮನಸ್ಸು ಕೊಟ್ಟ ಮೇಲೆ ಜಾತಕ ತೋರಿಸಲು ಹಿಂಜರಿಯುವ ಹುಡುಗನ ಹಾಗೆ, ಬೇಡವಾದ ಉತ್ತರ ಬಂದೀತೆಂಬ ಹೆದರಿಕೆಗೆ ಪ್ರಶ್ನೆಯನ್ನೇ ಕೇಳದೆ ಬಿಡುತ್ತಾರೆ. ಮೆಕ್ಯಾನಿಕ್ ಬೇಡ ಎಂದರೆ ಕಾರು ಕೈತಪ್ಪುತ್ತದೆ. ಮೆಕ್ಯಾನಿಕ್ಕನ್ನೇ ಕರೆಯದಿದ್ದರೆ ಸದ್ಯಕ್ಕೆ ಕಾರಾದರೂ ಉಳಿಯುತ್ತದೆ. ಈ ಸಮಾಧಾನಕ್ಕೆ ತೆರಬೇಕಾದ ಬೆಲೆ ಸಾಮಾನ್ಯ ಕಾರಿನಲ್ಲಿ ಅಷ್ಟಿಷ್ಟು, ಸ್ಪೋರ್ಟ್ಸ್ ಕಾರಿನಲ್ಲಿ ಮನೆ ಮುರಿಯುವಷ್ಟು.

ಕಾರಣ ಸರಳ ಲೆಕ್ಕದ್ದು. ಹೊಸದಾಗಿ 60 ಲಕ್ಷ ಇದ್ದ ಕಾರು ಹತ್ತು ವರ್ಷದ ಮೇಲೆ 15 ಲಕ್ಷಕ್ಕೆ ಸಿಗುತ್ತದೆ ಎಂದಿಟ್ಟುಕೊಳ್ಳೋಣ. ಕೊಳ್ಳುವವನ ಕಣ್ಣಿಗೆ ಕಾಣುವುದು ಉಳಿದ 45 ಲಕ್ಷ. ಆದರೆ ಇಳಿದದ್ದು ಕಾರಿನ ಬೆಲೆ ಮಾತ್ರ. ಅದರ ಬ್ರೇಕ್ ಡಿಸ್ಕ್, ಗೇರ್‌ಬಾಕ್ಸ್, ಟರ್ಬೊ, ಟೈರುಗಳ ಬೆಲೆ ಈಗಲೂ 60 ಲಕ್ಷದ ಕಾರಿನದೇ. ಹಿಂದಿನ ಮಾಲೀಕ ಮಾರಲು ಹೊರಟ ಹೊತ್ತಿಗೆ ದೊಡ್ಡ ಖರ್ಚುಗಳೆಲ್ಲ ಸರದಿಯಲ್ಲಿ ಬಂದು ನಿಂತಿರಬಹುದು. ಹಾಗಿದ್ದರೆ ಅಗ್ಗದ ಬೆಲೆ ಆ ಖರ್ಚುಗಳನ್ನು ಇನ್ನೊಬ್ಬರ ಹೆಗಲಿಗೆ ದಾಟಿಸುವ ಬೆಲೆ.

ಇದಕ್ಕೆ ಪರದೇಶದ ದುಬಾರಿ ಕಾರೇ ಆಗಬೇಕಿಲ್ಲ. ಚಾಕಣದಲ್ಲೇ ತಯಾರಾಗುತ್ತಿದ್ದ ಫೋಕ್ಸ್‌ವ್ಯಾಗನ್ ಪೋಲೊದ ಜಿಟಿ ಟಿಎಸ್‌ಐ 2013ರಲ್ಲಿ ಬಂದಾಗ ವೇಗದ ಹುಚ್ಚಿನ ಹುಡುಗರೆಲ್ಲ ಅದರ ಹಿಂದೆ ಬಿದ್ದರು. 2022ರಲ್ಲಿ ಪೋಲೊ ತಯಾರಿಕೆ ಇಲ್ಲಿ ನಿಂತಿತು, ಹಳೆಯದಕ್ಕೆ ಬೇಡಿಕೆ ನಿಲ್ಲಲಿಲ್ಲ. ಅದರ ಏಳು ಗೇರಿನ ಡಿಎಸ್‌ಜಿ ಗೇರ್‌ಬಾಕ್ಸ್ ಓಡಿಸುವಾಗ ಬೆಣ್ಣೆ. ಆದರೆ ಅದನ್ನು ನಿಯಂತ್ರಿಸುವ ಮೆಕಾಟ್ರಾನಿಕ್ ಘಟಕ ಕೈಕೊಟ್ಟರೆ ಖರ್ಚು ಲಕ್ಷಗಳಲ್ಲಿ. ಪುಣೆ ಸಮೀಪದ ರಂಜನಗಾಂವ್‌ನಲ್ಲಿ ತಯಾರಾದ 145 ಅಶ್ವಶಕ್ತಿಯ ಅಬಾರ್ತ್ ಪುಂಟೊ 2015ರಲ್ಲಿ ಬಂತು. ಫಿಯಟ್ ಹೆಸರಿನ ಕಾರುಗಳ ಮಾರಾಟವೇ ಭಾರತದಲ್ಲಿ ನಿಂತು ವರ್ಷಗಳಾದವು. ಅಂಥ ಕಾರನ್ನು ಕೊಳ್ಳುವವರು ಓಡುತ್ತದೆಯೇ ಎಂದು ಕೇಳಿದರೆ ಸಾಲದು. ಕೆಟ್ಟರೆ ಬಿಡಿಭಾಗ ಎಲ್ಲಿಂದ ಎಂಬುದನ್ನೂ ಮೊದಲೇ ಕೇಳಬೇಕು.

ಎಂಜಿನ್ ಸದ್ದು ಕೇಳಿದರೆ ಸಾಕು, ಎಲ್ಲಾ ಗೊತ್ತಾಗುತ್ತದೆ ಎನ್ನುವವರಿದ್ದಾರೆ. ಅನುಭವಿ ಕಿವಿಗೆ ಬಹಳಷ್ಟು ಗೊತ್ತಾಗುವುದು ನಿಜ, ಎಂಜಿನ್ ತಣ್ಣಗಿದ್ದರೆ. ಟೈಮಿಂಗ್ ಚೈನ್ ಸಡಿಲವಾಗಿದ್ದರೆ ಗಡಗಡ ಎನ್ನುವುದು ಹೆಚ್ಚಾಗಿ ಬೆಳಗಿನ ಮೊದಲ ಸ್ಟಾರ್ಟಿನ ಕೆಲವು ಕ್ಷಣ ಮಾತ್ರ. ನೋಡಲು ಹೋದಾಗ ಬಾನೆಟ್ ಆಗಲೇ ಬಿಸಿಯಾಗಿದ್ದರೆ ಆ ಸಾಕ್ಷಿ ಅಳಿಸಿಹೋಗಿರುತ್ತದೆ. ಡ್ಯಾಶ್‌ಬೋರ್ಡಿನ ದೀಪವನ್ನು ಸ್ಕ್ಯಾನರ್ ಇರುವ ಯಾರಾದರೂ ಎರಡು ನಿಮಿಷದಲ್ಲಿ ಆರಿಸಬಹುದು. ಆದರೆ ಹಾಗೆ ಆರಿಸಿದಾಗ ಕಾರು ತನ್ನನ್ನು ತಾನು ಪರೀಕ್ಷಿಸಿಕೊಂಡ ದಾಖಲೆಯೂ ಅಳಿಯುತ್ತದೆ. ಅದು ಮತ್ತೆ ತುಂಬಲು ಕೆಲವು ದಿನ ಓಡಿಸಬೇಕು. ತಿಳಿದವರು ಸ್ಕ್ಯಾನರ್ ಹಾಕಿದಾಗ ದೋಷ ಒಂದೂ ಇಲ್ಲ, ಸ್ವಯಂಪರೀಕ್ಷೆಯೂ ಮುಗಿದಿಲ್ಲ ಎಂದು ಕಂಡರೆ ನಿನ್ನೆಯೋ ಮೊನ್ನೆಯೋ ಯಾರೋ ಕೈಯಾಡಿಸಿರಬಹುದು ಎಂದು ಅನುಮಾನಿಸುತ್ತಾರೆ. ಬಣ್ಣದ ದಪ್ಪ ಅಳೆಯುವ ಮೀಟರ್ ಅಂಗೈಯಷ್ಟಿರುತ್ತದೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು. ಒಂದು ಬಾಗಿಲಿನಲ್ಲಿ ಮಾತ್ರ 600 ತೋರಿಸಿದರೆ ಒಳಗೆ ಪುಟ್ಟಿ ಇದೆ. ಟೈರಿನ ಪಕ್ಕದ ನಾಲ್ಕು ಅಂಕಿ ಓದಲು ಉಪಕರಣವೂ ಬೇಡ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದ ಟೈರು. ಖಂಬಾಟ್ಕಿ ಘಾಟಿನ ಇಳಿಜಾರಿನಲ್ಲಿ ಮುದಿ ಟೈರು, ಸವೆದ ಬ್ರೇಕು ಬರೀ ದುಡ್ಡಿನ ಪ್ರಶ್ನೆಯಾಗಿ ಉಳಿಯುವುದಿಲ್ಲ.

ನೀರಿನ ಮಾತು ಬೇರೆಯೇ. 2019ರ ಸೆಪ್ಟೆಂಬರ್ 25ರ ರಾತ್ರಿ ಪುಣೆಯ ಅಂಬಿಲ್ ಓಢಾ ಉಕ್ಕಿ ಹರಿದು ಜೀವಗಳನ್ನೂ ವಾಹನಗಳನ್ನೂ ಕೊಚ್ಚಿಕೊಂಡು ಹೋಯಿತು. 2024ರ ಜುಲೈನಲ್ಲಿ ಸಿಂಹಗಡ ರಸ್ತೆಯ ಏಕತಾ ನಗರಿಗೆ ನೀರು ನುಗ್ಗಿತು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರು ಕಡೆಯ ಬಡಾವಣೆಗಳಲ್ಲಿ ದುಬಾರಿ ಕಾರುಗಳು ಮುಳುಗಿ ನಿಂತ ಚಿತ್ರಗಳನ್ನು ದೇಶವೇ ನೋಡಿತು. ಮುಳುಗಿದ ಕಾರುಗಳೆಲ್ಲ ಗುಜರಿಗೆ ಹೋಗುವುದಿಲ್ಲ. ತೊಳೆದು, ಒಣಗಿಸಿ, ಸುಗಂಧ ಹೊಡೆದರೆ ಹೊಳೆಯುತ್ತವೆ. ಸ್ಪೋರ್ಟ್ಸ್ ಕಾರು ನೆಲಕ್ಕೆ ಹತ್ತಿರ, ಮೊಣಕಾಲುದ್ದದ ನೀರು ಸಾಕು ಸೀಟಿನ ಕೆಳಗಿನ ವೈರುಗಳವರೆಗೆ ಬರಲು. ಕಾರ್ಪೆಟ್ ಎತ್ತಿ, ಸೀಟಿನ ಹಳಿಯ ತುಕ್ಕು, ಕನೆಕ್ಟರ್‌ಗಳ ಹಸಿರು ಪಾಚಿಯಂಥ ಕಿಲುಬು ನೋಡದ ಹೊರತು ಅದು ತಿಳಿಯುವುದಿಲ್ಲ. ನೀರಲ್ಲಿರುವ ಎಮ್ಮೆಗೆ ದಡದಲ್ಲಿ ನಿಂತು ಬೆಲೆ ಕಟ್ಟಬಾರದು ಎನ್ನುವ ಮಾತು ಇಲ್ಲಿ ಅಕ್ಷರಶಃ ನಿಜ.

ಕಾರು ಸರಿಯಿದ್ದರೂ ಕಾಗದ ಸರಿಯಿರಬೇಕಲ್ಲ. ಭಾರತದ ಸ್ವಂತ ಸ್ಪೋರ್ಟ್ಸ್ ಕಾರು ಎಂದು ಹೆಸರಾದ ಡಿಸಿ ಅವಂತಿ ಇದಕ್ಕೆ ಉದಾಹರಣೆ. 2012ರ ಆಟೊ ಎಕ್ಸ್‌ಪೋದಲ್ಲಿ ಅದು ಕಾಣಿಸಿಕೊಂಡಾಗ ಜನ ಮುಗಿಬಿದ್ದು ನೋಡಿದರು. ರೆನೊದ ಎರಡು ಲೀಟರ್ ಟರ್ಬೊ ಎಂಜಿನ್ ಹೊತ್ತು ಅದು ತಯಾರಾದದ್ದು ಪುಣೆ ಬಳಿಯ ತಳೇಗಾಂವ್‌ನಲ್ಲಿ. 2020ರ ಡಿಸೆಂಬರ್‌ನಲ್ಲಿ ಮುಂಬೈ ಪೊಲೀಸರು ತಮಿಳುನಾಡು ನೋಂದಣಿಯ ಒಂದು ಅವಂತಿಯನ್ನು ತಡೆದರು. ಮಾಲೀಕರು ತೋರಿಸಿದ ಕಾಗದಪತ್ರ ನೋಡುವುದಕ್ಕೆ ಸರಿಯಾಗಿಯೇ ಇತ್ತು. ಆದರೆ ಅದೇ ಎಂಜಿನ್ ನಂಬರ್, ಅದೇ ಚಾಸಿ ನಂಬರ್ ಹರಿಯಾಣದಲ್ಲಿಯೂ ನೋಂದಣಿಯಾಗಿತ್ತು ಎಂದು ಪೊಲೀಸರು ಹೇಳಿದರು. ಕಂಪನಿಯ ಸ್ಥಾಪಕರ ಬಂಧನವಾಯಿತು. ಒಂದೇ ಕಾರಿನ ಮೇಲೆ ಹಲವು ಸಾಲ ಎತ್ತಲಾಗಿತ್ತು ಎಂಬ ಆರೋಪವೂ ಬಂತು. ಆರೋಪ ಆರೋಪವೇ, ಅದನ್ನು ತೀರ್ಮಾನಿಸಬೇಕಾದದ್ದು ನ್ಯಾಯಾಲಯ. ಕೊಳ್ಳುವವರಿಗೆ ಬೇಕಾದ ಪಾಠ ಮಾತ್ರ ಅಷ್ಟಕ್ಕೇ ಸ್ಪಷ್ಟವಾಗಿದೆ. ಕೈಯಲ್ಲಿ ಹಿಡಿದ ಆರ್‌ಸಿ ಸಾಲದು. ಬಾನೆಟ್ ಎತ್ತಿ ಲೋಹದ ಮೇಲೆ ಕೊರೆದ ನಂಬರನ್ನು ಓದಿ, ವಾಹನ್ ದಾಖಲೆಯ ಜೊತೆ ಹೋಲಿಸಿ, ಸಾಲದ ನಮೂದು ಇದೆಯೇ ಎಂದು ನೋಡಬೇಕು. ಬೇರೆ ರಾಜ್ಯದ ನೋಂದಣಿಯಾದರೆ ಎನ್‌ಒಸಿ ಮತ್ತು ಇಲ್ಲಿ ಮತ್ತೆ ಕಟ್ಟಬೇಕಾದ ರಸ್ತೆ ತೆರಿಗೆಯನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಬೇಕು.

ಆಮೇಲೆ ಕೋರ್ಟಿಗೆ ಹೋದರಾಯಿತು ಎನ್ನುವ ಧೈರ್ಯವೂ ಅಷ್ಟು ಗಟ್ಟಿಯಲ್ಲ. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ ವ್ಯಾಪಾರಿಯಲ್ಲದ ಒಬ್ಬ ವ್ಯಕ್ತಿ ತನ್ನ ವಸ್ತು ಮಾರಿದಾಗ ಅದರ ಗುಣಮಟ್ಟಕ್ಕೆ ತಾನಾಗಿಯೇ ಭರವಸೆ ಹುಟ್ಟುವುದಿಲ್ಲ, ನೋಡಿಕೊಳ್ಳಬೇಕಾದವನು ಕೊಳ್ಳುವವನೇ. ಬೇಕೆಂದೇ ಮೋಸ ಮಾಡಿದ್ದು ಸಾಬೀತಾದರೆ ಮಾತು ಬೇರೆ. ಸಾಬೀತು ಮಾಡುವ ಭಾರ ಮಾತ್ರ ಕಾರು ಕೆಟ್ಟು ನಿಂತವನ ಮೇಲೆ. ಗ್ರಾಹಕ ಕಾಯ್ದೆಯ ಕೈ ವ್ಯಾಪಾರಿಗಳವರೆಗೆ ಚಾಚುತ್ತದೆ, ಮನೆಯ ಕಾರನ್ನು ಒಮ್ಮೆ ಮಾರಿದ ನೆರೆಯವರನ್ನು ಹಿಡಿಯುವುದು ಕಷ್ಟ.

ತಪಾಸಣೆಗೂ ಮಿತಿಯಿದೆ ಎನ್ನುವುದನ್ನು ಒಪ್ಪಬೇಕು. ಎಂಜಿನ್ ಬಿಚ್ಚದೆ ಕಾಣದ ದೋಷಗಳಿವೆ, ಇಂದು ಸರಿಯಿದ್ದದ್ದು ನಾಳೆ ಕೆಡಬಹುದು. ಕಾರಿನ ಬೆಲೆಯಷ್ಟೇ ಹಣವನ್ನು ರಿಪೇರಿಗೆಂದು ತೆಗೆದಿಟ್ಟು, ಹೋದರೆ ಹೋಗಲಿ ಎಂದು ಕೊಳ್ಳುವವರಿದ್ದರೆ ಅದು ಅವರ ಸುಖ, ತಪ್ಪು ಹೇಳಬೇಕಿಲ್ಲ. ಆದರೆ ಸಾಲ ಮಾಡಿ ಕೊಳ್ಳುವವನ, ಊರಿನ ಮನೆಗೆ ತಿಂಗಳು ತಿಂಗಳು ಹಣ ಕಳಿಸುವವನ ಲೆಕ್ಕ ಹಾಗಲ್ಲ. ಅವನ ಪಾಲಿಗೆ ಒಂದು ಗೇರ್‌ಬಾಕ್ಸ್ ಎಂದರೆ ತಂಗಿಯ ಒಂದು ವರ್ಷದ ಕಾಲೇಜು ಶುಲ್ಕ. ಅದರ ಮುಂದೆ ಅರ್ಧ ದಿನದ ತಪಾಸಣೆಗೆ ಕೊಡುವ ಕೆಲವು ಸಾವಿರ ರೂಪಾಯಿ ದೊಡ್ಡದಲ್ಲ.

ಇನ್ನೊಂದು ಅಡ್ಡಿ ಸಂಕೋಚ. ಅಷ್ಟು ಒಳ್ಳೆಯವರು, ಚಹಾ ಕೊಟ್ಟರು, ಮೆಕ್ಯಾನಿಕ್ಕನ್ನು ಕರೆತರುತ್ತೇನೆ ಎಂದರೆ ಅನುಮಾನಿಸಿದಂತಾಗುವುದಿಲ್ಲವೇ ಎಂದು ಮನಸ್ಸು ಹಿಂದೆಗೆಯುತ್ತದೆ. ಉತ್ತರ ಕರ್ನಾಟಕದ ದನದ ಸಂತೆಗೆ ಒಮ್ಮೆ ಹೋದವರಿಗೆ ಈ ಸಂಕೋಚ ವಿಚಿತ್ರವೆನಿಸುತ್ತದೆ. ಅಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ಗೊರಸು ಎತ್ತಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಜೊತೆಗೆ ತಿಳಿದ ಹಿರಿಯರೊಬ್ಬರು ಬಂದಿರುತ್ತಾರೆ. ಮಾರುವವನು ಮುನಿಸಿಕೊಳ್ಳುವುದಿಲ್ಲ, ತಾನೇ ಎತ್ತಿನ ತಲೆ ಹಿಡಿದು ಕೊಡುತ್ತಾನೆ. ಹಲ್ಲು ನೋಡಗೊಡದವನ ಎತ್ತಿನ ಹತ್ತಿರ ಸಂತೆಯಲ್ಲಿ ಯಾರೂ ನಿಲ್ಲುವುದಿಲ್ಲ.

ಪುಣೆಯಲ್ಲಿ ಅಂಥ ಹಿರಿಯರಿಗೆ ಬರವಿಲ್ಲ. ದೇಶದ ವಾಹನಗಳನ್ನು ಪರೀಕ್ಷಿಸುವ ಎಆರ್‌ಎಐ ಸಂಸ್ಥೆ 1966ರಿಂದ ಇರುವ ಊರು ಇದು, ಕೋಥ್ರೂಡ್ ಪಕ್ಕದ ಗುಡ್ಡವನ್ನು ಜನ ಆ ಸಂಸ್ಥೆಯ ಹೆಸರಿನಿಂದಲೇ ಕರೆಯುತ್ತಾರೆ. ಆಯಾ ಕಂಪನಿಯ ಕಾರುಗಳ ಮೇಲೆ ವರ್ಷಗಟ್ಟಲೆ ಕೈಯಾಡಿಸಿದ ಮೆಕ್ಯಾನಿಕ್‌ಗಳು ಇಲ್ಲಿ ಹುಡುಕಿದರೆ ಸಿಗುತ್ತಾರೆ. ಟೋಕನ್ ಕೊಡಲೇಬೇಕೆಂದಿದ್ದರೆ, ತಪಾಸಣೆಯಲ್ಲಿ ದೋಷ ಕಂಡರೆ ಹಣ ವಾಪಸ್ ಎಂದು ಒಂದು ಸಾಲು ಬರೆಸಿಕೊಂಡು ಕೊಡಬಹುದು. ಸಂಜೆ ಬರುವ ಇನ್ನೊಬ್ಬರು ತಪಾಸಣೆಯಿಲ್ಲದೆ ಕೊಂಡೊಯ್ದರೆ ಕೊಂಡೊಯ್ಯಲಿ. ನಾಳೆ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಬನ್ನಿ, ಬೇಕಾದವರನ್ನು ಕರೆತನ್ನಿ ಎನ್ನುವ ಮಾರಾಟಗಾರರೂ ಇದ್ದಾರೆ. ಕಾರು ಎರಡು ವರ್ಷ ಹಳೆಯದಾದರೂ, ಬೆಲೆ ಒಂದು ಲಕ್ಷ ಹೆಚ್ಚಾದರೂ, ಕೊಳ್ಳಬೇಕಾದದ್ದು ಅವರಿಂದ.