ನಳದಾಗ ಬರೂ ಹೊಳಿಗೆ ಒಮ್ಮೆ ಹೋಗಿ ಬರ್ರಿ

ಮೊನ್ನೆ ನನ್ನ ತಂಗಿ ಮಗಳು ಫೋಟೋ ಕಳಿಸಿದ್ಲು. ಆಕಿ ಇರೂದು ಜರ್ಮನಿಯೊಳಗ, ಸೂಟಿಗೆ ಗ್ರೀಸ್ ದೇಶಕ್ಕ ಹೋಗಿದ್ಲಂತ. ಅಲ್ಲಿ ಅಖೆರಾನ್ ಅಂತ ಒಂದು ಹೊಳಿ ಐತಿ. ಸತ್ತವರು ಅದನ್ನ ದಾಟಿ ಆಚೆ ಲೋಕಕ್ಕ ಹೋಗ್ತಾರ ಅಂತ ಹಳೇ ಕಾಲದ ಗ್ರೀಕ್ ಮಂದಿ ನಂಬಿದ್ರು, ನಮ್ಮ ವೈತರಣಿ ಇದ್ದಂಗ. ಈಗ ಅಲ್ಲಿ ಗಂಡಸರು ಹೆಂಗಸರು ಅನ್ನದ ಎಲ್ಲಾರೂ ಪ್ಯಾಂಟ್ ಮಡಚಿಕೊಂಡು ತಣ್ಣೀರಾಗ ನಡಕೋತ ಹೋಗ್ತಾರ. ಫೋಟೋದ ಕೆಳಗ ಆಕಿ ಬರದಿದ್ಲು: "ದೊಡ್ಡವ್ವಾ, ನಿಮ್ಮ ಹೊಳಿ ಯಾವ್ದು?"

ಧಾರವಾಡದಾಗ ಎಲ್ಲಿ ಹೊಳಿ ಅಂತ ನಗಾಕ ಹೋದೆ. ಶಾಲ್ಮಲಾ ಇಲ್ಲೇ ಸೋಮೇಶ್ವರದಾಗ ಹುಟ್ಟತಾಳ ಖರೆ, ಆದ್ರ ನಮ್ಮ ಕೊಡ ತುಂಬಸಾಕಿ ಆಕಿ ಅಲ್ಲ. ಅವತ್ತು ನಮ್ಮ ಲಕಮನಹಳ್ಳಿ ಓಣಿಗೆ ನೀರು ಬರೂ ದಿನ. ಎಲ್ಲಾರೂ ಕೊಡ, ಬಕೀಟು, ಡ್ರಮ್ಮು ಹಿಡಕೊಂಡು ಓಡ್ಯಾಡಾಕ ಹತ್ತಿದ್ವಿ. ಆವಾಗ ಹೊಳಿತು. ಈ ನೀರು ಮಲಪ್ರಭಾಂದು! ಸವದತ್ತಿ ತಾಲೂಕಿನ ನವಿಲುತೀರ್ಥದಾಗ ಒಡ್ಡು ಕಟ್ಟಿ ನಿಲ್ಲಿಸಿದ್ದು. ನಮ್ಮ ಹೊಳಿ ನಳದಾಗ ಬರ್ತೈತಿ. ನಾವು ಮಾತ್ರ ಆಕಿ ಮನಿಗೆ ಹೋಗೂದುಲ್ಲ.

ಅದಕ್ಕ ನಾನು ಹೇಳೂದು ಇಷ್ಟ: ಹೆಣಮಕ್ಕಳು ಒಮ್ಮೆರ ಈ ಹೊಳಿ ದಂಡಿಗೆ ಎರಡು ದಿನ ಇದ್ದು ಬರಬೇಕು. ಬುತ್ತಿ ಗಂಟು ಹೊರದ, ಯಾರ ಚಪ್ಪಲಿನೂ ಕಾಯದ.

ಹೋಗೂದುಲ್ಲ ಅಂದ್ರ ಎಲ್ಲಾರಿಗೂ ಸಿಟ್ಟು ಬರ್ತೈತಿ. "ಯಾಕ, ಯಲ್ಲಮ್ಮನ ಗುಡ್ಡಕ್ಕ ಹೋಗೂದುಲ್ಲೇನು, ಬನಶಂಕರಿ ಜಾತ್ರಿಗೆ ಹೋಗೂದುಲ್ಲೇನು?" ಹೋಗ್ತೀವಿ, ಹ್ಯಾಂಗ ಹೋಗ್ತೀವಿ ಅದನ್ನ ಹೇಳ್ರಿ. ನಾನು ಬಾದಾಮಿಗೆ ಆರು ಸಲ ಹೋಗೇನಿ. ನಸುಕಿನ ಮೂರಕ್ಕ ಎದ್ದು ರೊಟ್ಟಿ ಬಡದು, ಶೇಂಗಾ ಚಟ್ನಿ, ಎಣಗಾಯಿ ಪಲ್ಯಾ, ಮೊಸರನ್ನ ಕಟಗೊಂಡು ಹೋಗೂದು. ಗಂಡಸರು, ಹುಡುಗರು ಗವಿ ನೋಡಾಕ ಮೆಟ್ಲ ಹತ್ತೂದು. ನಾನು ಕೆಳಗ ಗಂಟು ಕಾಯ್ಕೋತ, ಮಂಗ್ಯಾ ಹೊಡಕೋತ ಕುಂಡ್ರೂದು. ಅವರು ಇಳದು ಬಂದ ಮ್ಯಾಲೆ ಎಲಿ ಹಾಕಿ ಬಡಸೂದು. ಆರೂ ಸಲ ಇದ ಆತು.

ನಮ್ಮವ್ವಂದೂ ಹಿಂಗ ಆಗಿತ್ತು. ಆಕಿ ಬೀಸುಕಲ್ಲಿನ ಮುಂದ ಕುಂತು ಮೂರು ಮೂರು ಸಾಲಿನ ಹಾಡು ಹಾಡ್ತಿದ್ಲು. ಬಾದಾಮಿ ಅಗಸ್ತ್ಯತೀರ್ಥ ಕೆರಿ ಕಡೆ ಬಂಡಿ ಮ್ಯಾಲೆ ಕಪ್ಪೆ ಅರಭಟ್ಟನ ಶಾಸನ ಐತಿ. ಅದು ಸುಮಾರು 700ನೇ ಇಸವಿಯದು. ಅದರಾಗ ಕನ್ನಡದ ತೀರಾ ಹಳೇ ತ್ರಿಪದಿ ಅದಾವ. ಅವ್ವನ ಬೀಸೂ ಹಾಡಿನ ಛಂದಸ್ಸೂ ತ್ರಿಪದಿನ. ಸಾವಿರದ ಮುನ್ನೂರು ವರ್ಷದ ಹಿಂದಿನ ಕಲ್ಲಿನ್ಯಾಗ ತನ್ನ ಹಾಡಿನ ನಡಿಗಿ ಐತಿ ಅಂತ ಆಕಿಗೆ ಯಾರೂ ಹೇಳಲಿಲ್ಲ. ಆಕಿ ಅದ ಕೆರಿ ದಂಡಿಗೆ ಕುಂತು ಮಂದಿಗೆ ಬುತ್ತಿ ಹಂಚಿ ತಿರುಗಿ ಬಂದ್ಲು. ಈಗ ಆಕಿ ಇಲ್ಲ. ಈ ಮಾತು ನನಗ ಭಾಳ ಚುಚ್ಚತೈತಿ.

ಅದಕ್ಕ ಹ್ವಾದ ಚಳಿಗಾಲದಾಗ ನಾವು ಓಣಿಯ ಮೂರು ಮಂದಿ ಹೊಂಟ ಬಿಟ್ವಿ. ಹುಬ್ಬಳ್ಳಿಯಿಂದ ಗದಗ ಮ್ಯಾಲಿಂದ ಹೋಗೂ ರೈಲು ಹತ್ತಿದ್ವಿ. ಬುತ್ತಿ ಕಟ್ಟಲಿಲ್ಲ. ಅದಕ್ಕ ಮನ್ಯಾಗ ಆದ ಮಾತುಕತಿ ಬ್ಯಾರೆ ಬರೀತೀನಿ!

ಮೊದಲನೇ ದಿನ ಬಾದಾಮಿಯಾಗ ಗವಿ ಮೆಟ್ಲ ಹತ್ತಿದ್ವಿ. ನನಗ ಮೊಣಕಾಲ ಬ್ಯಾನಿ, ಐದು ಕಡೆ ಕುಂತೆ. ಮೂರನೇ ಗವಿಯಾಗ 578ನೇ ಇಸವಿಯ ಶಾಸನ ಐತಿ, ಮಂಗಲೇಶ ಮಾಡಿಸಿದ್ದು. ಆ ವಿಷ್ಣುವಿನ ಮುಂದ ನಿಂತಾಗ ಆರು ಸಲ ಕೆಳಗ ಕುಂತಿದ್ದು ನೆನಪಾಗಿ ಕಣ್ಣಾಗ ನೀರು ಬಂತು. ಆಚೆ ಕೆಂಪು ಬಂಡಿಗೆ ಹಗ್ಗಾ ಕಟಗೊಂಡು ಹುಡುಗರು ಹುಡುಗ್ಯಾರು ಹತ್ತಾಕ ಹತ್ತಿದ್ರು. ಬಂಡಿ ಹತ್ತಾಕಂತ ದೇಶ ವಿದೇಶದಿಂದ ಬಾದಾಮಿಗೆ ಬರ್ತಾರಂತ. ನಮಗ ಅದು ಆಗೂದುಲ್ಲ. ಆದ್ರ ಬಾದಾಮಿಯಿಂದ ಗುಡ್ಡದ ಮ್ಯಾಲೆ ಮಹಾಕೂಟಕ್ಕ ಹಳೇ ಕಾಲುದಾರಿ ಐತಿ, ಮೊಣಕಾಲ ಗಟ್ಟಿ ಇದ್ದವರು ಹೋಗಬಹುದು. ಅಲ್ಲಿ ಬುಗ್ಗಿ ನೀರಿನ ಹೊಂಡ ಐತಿ. ನಾವು ಆಟೋದಾಗ ಹೋಗಿ ಹೊಂಡದಾಗ ಕಾಲಿಟಗೊಂಡು ಕುಂತ್ವಿ.

ಎರಡನೇ ದಿನ ಪಟ್ಟದಕಲ್ಲು. ಹೊಳಿ ಅಲ್ಲಿ ಉತ್ತರಕ್ಕ ಹರೀತಾಳ. 1987ರಾಗ ಯುನೆಸ್ಕೋ ಪಟ್ಟಿಗೆ ಸೇರಿದ ಜಾಗಾ ಅದು. ದೊಡ್ಡ ವಿರೂಪಾಕ್ಷನ ಗುಡಿ ಕಟ್ಟಿಸಿದಾಕಿ ರಾಣಿ ಲೋಕಮಹಾದೇವಿ. ಗಂಡ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದಿದ್ದಕ್ಕ ಕಟ್ಟಿಸಿದ್ದು, ಎಂಟನೇ ಶತಮಾನದಾಗ. ಬಾಜೂಕಿನ ಮಲ್ಲಿಕಾರ್ಜುನ ಗುಡಿ ಆಕಿ ತಂಗಿ, ಸವತಿನೂ ಆಗಿದ್ದ ತ್ರೈಲೋಕ್ಯಮಹಾದೇವಿಯದು. ಹಾಡುವವರಿಗೆ ಮೊದಲಿಂದ ಇದ್ದ ಹಕ್ಕನ್ನ ಲೋಕಮಹಾದೇವಿ ಮುಂದುವರಿಸಿದ್ಲು ಅಂತ ಅಲ್ಲಿಯ ಶಾಸನದಾಗ ಐತಿ. ಹಾಡುವವರಿಗೆ! ನನಗ ಮತ್ತ ಅವ್ವನ ನೆನಪಾತು. ಅಕ್ಕ ತಂಗಿ ಕಟ್ಟಿಸಿದ ಗುಡಿ ಇಷ್ಟು ಸಮೀಪ ಇದ್ದು, ಅಕ್ಕ ತಂಗಿ ಕೂಡಿ ನೋಡಾಕ ಹೋಗೂದುಲ್ಲಂದ್ರ ಏನನ್ನೂಣು?

ಗುಡಿ ಹಿಂದ ಹೊಳಿ ದಂಡಿಗೆ ಇಳದ್ವಿ. ನೀರು ಕಡಿಮಿ ಇತ್ತು, ಕಲ್ಲು ಕಾಣ್ತಿದ್ವು. ಒಂದು ಬೆಳ್ಳಕ್ಕಿ ಒಂಟಿಕಾಲ ಮ್ಯಾಲೆ ನಿಂತಿತ್ತು. ಇದ ಹೊಳಿ 2019ರ ಆಗಸ್ಟ್‌ನ್ಯಾಗ ಉಕ್ಕಿ ಬಂದು ಈ ಗುಡಿಗಳ ಒಳಗ ಹೊಕ್ಕಿತ್ತು ಅಂದ್ರ ಅವತ್ತು ನಂಬಾಕ ಆಗ್ತಿದ್ದಿಲ್ಲ. ಖಾನಾಪುರ ತಾಲೂಕಿನ ಕಣಕುಂಬಿಯಾಗ ಹುಟ್ಟಿ, ಸುಮಾರು 300 ಕಿಲೋಮೀಟರ್ ಹರದು ಕೂಡಲಸಂಗಮದಾಗ ಕೃಷ್ಣೆಗೆ ಕೂಡತಾಳ. ನಡುವ ನಾವು ಆಕಿನ್ನ ಒಡ್ಡಿನ್ಯಾಗ ನಿಲ್ಲಿಸಿ, ಕುಡದು, ಹೊಲಕ್ಕ ಹಾಸಿ, ಉಳದಷ್ಟು ಮುಂದ ಬಿಡ್ತೀವಿ. ಕಳಸಾ ಬಂಡೂರಿ ಬಂದ್ ಆದಾಗ ನಾವೂ ಬಾಗಲಾ ಮುಚ್ಚೇವಿ, ನೀರು ಬೇಕಂತ ಕೂಗೇವಿ. ಕೂಗಿದ್ದು ಸರಿನ. ಆದ್ರ ಹೊಳಿ ಮುಖಾನ ನೋಡದ ಕೂಗೂದು, ಸೊಸಿ ಮುಖ ನೋಡದ ಬೀಗತನ ಮಾಡಿದಂಗ. ಆ ದಂಡಿಗೆ ಕುಂತ ಮ್ಯಾಲೆ ಮನ್ಯಾಗ ನಳ ಸುಮ್ನ ಬಿಟ್ಟರ ನನಗ ತಡಿಯಾಕ ಆಗೂದುಲ್ಲ.

"ಕಲ್ಲು ನೋಡಾಕ ಅಷ್ಟು ರೊಕ್ಕ ಯಾಕ, ಅದ ರೊಕ್ಕದಾಗ ಒಂದು ದೇವರ ಮಾಡಬಹುದಿತ್ತು" ಅಂತ ನಮ್ಮ ವೈನಿ ಅಂದ್ರು. ಅವರ ಮಾತೂ ತೆಗದು ಹಾಕೂವಂಥದ್ದಲ್ಲ, ಎಲ್ಲಾರ ಮನ್ಯಾಗೂ ರೊಕ್ಕ ಎಣಿಸಿನ ಇರ್ತೈತಿ. ಆದ್ರ ಒಂದು ಮದವಿಗೆ ಉಡಗೊರಿ ಸೀರಿ ಅಂತ ನಾವು ಖರ್ಚು ಮಾಡೂದು ಲೆಕ್ಕಾ ಹಾಕ್ರಿ. ಆ ಸೀರಿ ಟ್ರಂಕಿನ್ಯಾಗ ಕುಂಡ್ರತೈತಿ. ಇದು ನಮ್ಮ ಜೋಡಿ ಇರ್ತೈತಿ.

ಹೋಗೂದಿದ್ರ ನವೆಂಬರಿಂದ ಫೆಬ್ರುವರಿ ಒಳಗ ಹೋಗ್ರಿ, ಬ್ಯಾಸಿಗಿಯಾಗ ಬಂಡಿ ಕಾದ ಹೆಂಚು. ಮಳಿಗಾಲದಾಗ ಹೊಳಿಗೆ ಇಳೀಬ್ಯಾಡ್ರಿ. ಕೈಯಾಗ ಚೀಲ ಹಿಡೀಬ್ಯಾಡ್ರಿ, ಮಂಗ್ಯಾ ಕಸಗೋತಾವ. ತಂದ ಪ್ಲಾಸ್ಟಿಕ್ ಅಲ್ಲೇ ಒಗೀಬ್ಯಾಡ್ರಿ, ಉಡಿ ತುಂಬೂ ಹೊಳಿಗೆ ಕಸಾ ತುಂಬಿ ಬರಬಾರದು. ಮತ್ತ ಚಪ್ಪಲಿ ಕಾಯೂ ಪಾಳಿ ಈ ಸಲ ಮನಿಯವರಿಗೆ ಕೊಡ್ರಿ.

ತಂಗಿ ಮಗಳಿಗೆ ನಾನೂ ಒಂದು ಫೋಟೋ ಕಳಿಸೇನಿ. ಮೂರು ಜೋಡಿ ಕಾಲು, ಸೀರಿ ನೆರಿಗಿ ಎತ್ತಿ ಹಿಡದದ್ದು, ಕೆಳಗ ಮಲಪ್ರಭಾ. ಮುಂದಿನ ಸಲ ಐಹೊಳಿಗೆ ಹೋಗಬೇಕು ಅಂತ ಮಾಡೇವಿ. ಮೇಗುತಿ ಗುಡ್ಡದ ಮ್ಯಾಲೆ 634ರ ರವಿಕೀರ್ತಿ ಶಾಸನ ಐತಿ, ಅದನ್ನ ನೋಡೂದೈತಿ. ಆಟೋದಾಗ ಇನ್ನೊಂದು ಜಾಗಾ ಖಾಲಿ ಐತಿ, ಯಾರು ಬರ್ತೀರಿ ಹೇಳ್ರಿ.