ಮಳಿಗೆಯಲ್ಲಿ ಐಷಾರಾಮಿ, ಹೆದ್ದಾರಿಯಲ್ಲಿ ಅಸ್ಪೃಶ್ಯ: ದೂರಪ್ರಯಾಣದ ಮೋಟಾರ್‌ಸೈಕಲ್ಲಿನ ತೆರಿಗೆ ಲೆಕ್ಕ

ದೂರಪ್ರಯಾಣಕ್ಕೆಂದೇ ರೂಪಿಸಿದ ಮೋಟಾರ್‌ಸೈಕಲ್ ಕೊಳ್ಳುವವರು ಇಂದು ಕೇವಲ ಸಿರಿವಂತರ ಮಕ್ಕಳಲ್ಲ. ಹತ್ತಾರು ವರ್ಷ ಸ್ಕೂಟರಿನಲ್ಲಿ ಅಂಗಡಿಗೂ ಬ್ಯಾಂಕಿಗೂ ಓಡಾಡಿದ ವರ್ತಕ, ಮಕ್ಕಳ ವಿದ್ಯಾಭ್ಯಾಸ ಮುಗಿದ ಬಳಿಕ ಇಂತಹ ವಾಹನವೊಂದಕ್ಕೆ ಮನಸ್ಸು ಮಾಡುವುದು ಈಗ ಅಪರೂಪವೇನಲ್ಲ. ಮೈಸೂರು, ಚಾಮರಾಜನಗರ, ಕೊಡಗು ಕಡೆಯ ಗ್ರಾಹಕರು ಕೆಲವು ಮಾದರಿಗಳಿಗಾಗಿ ಬೆಂಗಳೂರಿನ ಮಳಿಗೆಗೆ ಹೋಗಿ, ಹಣ ಪಾವತಿಸಿ, ಅಲ್ಲಿಂದಲೇ ವಾಹನ ಚಲಾಯಿಸಿಕೊಂಡು ಊರಿಗೆ ಮರಳುತ್ತಾರೆ. ಈ ಖರೀದಿಯಲ್ಲಿ ಹಾಗೂ ಈ ಮರುಪ್ರಯಾಣದಲ್ಲಿ ಸರ್ಕಾರವು ಒಂದೇ ವಾಹನವನ್ನು ಎರಡು ಬಗೆಯಾಗಿ ಕಾಣುತ್ತಿದೆ. ತೆರಿಗೆಯ ಕಣ್ಣಿಗೆ ಅದು ಐಷಾರಾಮಿ ವಸ್ತು. ಹೆದ್ದಾರಿಯ ಕಣ್ಣಿಗೆ ಟ್ರ್ಯಾಕ್ಟರಿನ ಸಾಲಿಗೆ ಸೇರಿದ ಗಾಡಿ.

ಮೊದಲು ತೆರಿಗೆಯನ್ನು ನೋಡಬಹುದು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಎಲ್ಲ ಮೋಟಾರ್‌ಸೈಕಲ್‌ಗಳಿಗೂ ಶೇ. 28ರ ದರ ನಿಗದಿಯಾಯಿತು. ಎಂಜಿನ್ ಸಾಮರ್ಥ್ಯ 350 ಸಿ.ಸಿ. ಮೀರಿದರೆ ಅದರ ಮೇಲೆ ಶೇ. 3ರ ಪರಿಹಾರ ಸೆಸ್ ಇತ್ತು. 2025ರ ಸೆಪ್ಟೆಂಬರ್ 22ರಿಂದ ಈ ವ್ಯವಸ್ಥೆ ಬದಲಾಗಿ, 350 ಸಿ.ಸಿ.ವರೆಗಿನ ವಾಹನಗಳಿಗೆ ಶೇ. 18, ಅದಕ್ಕೆ ಮೇಲ್ಪಟ್ಟವಕ್ಕೆ ಶೇ. 40 ಎಂದಾಯಿತು. ಮೂರು ಅಂಶಗಳಷ್ಟಿದ್ದ ಅಂತರ ಇಪ್ಪತ್ತೆರಡು ಅಂಶಗಳಿಗೆ ಏರಿತು. ಸಣ್ಣ ವಾಹನಗಳ ತೆರಿಗೆ ಇಳಿದದ್ದು ಸ್ವಾಗತಾರ್ಹವೇ. ಆದರೆ ಗೆರೆಯ ಆಚೆ ಬಿದ್ದವರ ಪಾಡನ್ನು ಯಾರೂ ಲೆಕ್ಕ ಹಾಕಿದಂತೆ ಕಾಣುವುದಿಲ್ಲ.

ತೆರಿಗೆರಹಿತ ಬೆಲೆ ರೂ. 3,00,000 ಇರುವ ಎರಡು ವಾಹನಗಳನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಒಂದು 349 ಸಿ.ಸಿ., ಮತ್ತೊಂದು 373 ಸಿ.ಸಿ. ಜಿ.ಎಸ್.ಟಿ. ಸೇರಿದ ಮೇಲೆ ಮೊದಲನೆಯದು ರೂ. 3,54,000, ಎರಡನೆಯದು ರೂ. 4,20,000 ಆಗುತ್ತದೆ. ಕರ್ನಾಟಕದಲ್ಲಿ ಒಂದು ಲಕ್ಷ ರೂಪಾಯಿ ಮೀರಿದ ದ್ವಿಚಕ್ರ ವಾಹನಕ್ಕೆ ಜೀವಾವಧಿ ತೆರಿಗೆ ಶೇ. 18, ಆ ತೆರಿಗೆಯ ಮೇಲೆ ಶೇ. 11 ಸೆಸ್. ಇದನ್ನು ವಿಧಿಸುವುದು ಜಿ.ಎಸ್.ಟಿ. ಸೇರಿದ ಬೆಲೆಯ ಮೇಲೆ. ಹೀಗಾಗಿ ವಿಮೆಗೆ ಮೊದಲೇ ಒಂದರ ಬೆಲೆ ರೂ. 4,24,729, ಇನ್ನೊಂದರದು ರೂ. 5,03,916 ತಲಪುತ್ತದೆ. ಇಪ್ಪತ್ತನಾಲ್ಕು ಸಿ.ಸಿ.ಗಾಗಿ ಗ್ರಾಹಕ ತೆರುವ ಹೆಚ್ಚುವರಿ ಹಣ ರೂ. 79,187. ಹಳೆಯ ದರಗಳಲ್ಲಿ ಇದೇ ವ್ಯತ್ಯಾಸ ರೂ. 10,798 ಮಾತ್ರ ಇತ್ತು.

ರಾಯಲ್ ಎನ್‌ಫೀಲ್ಡಿನ ಮೀಟಿಯೋರ್ 349 ಸಿ.ಸಿ. ಎಂಜಿನ್ನಿನದಾದ್ದರಿಂದ ಗೆರೆಯ ಈಚೆ ಉಳಿದಿದೆ. ಗುಡ್ಡಗಾಡಿನ ದೂರಪ್ರಯಾಣಕ್ಕೆಂದೇ ಅದೇ ಸಂಸ್ಥೆ 2023ರಲ್ಲಿ ಹೊರತಂದ 452 ಸಿ.ಸಿ.ಯ ಹಿಮಾಲಯನ್ ಆಚೆ ಬಿದ್ದಿದೆ. ಇವೆರಡರಲ್ಲಿ ಒಂದು ಜನಸಾಮಾನ್ಯರದು, ಮತ್ತೊಂದು ವಿಲಾಸಿಗಳದು ಎಂದು ಯಾವ ವ್ಯಾಪಾರಿಯೂ ಹೇಳಲಾರ. ಕಾರಿನೊಡನೆ ಹೋಲಿಸಿದರೆ ಈ ವಿಂಗಡಣೆ ಇನ್ನಷ್ಟು ವಿಚಿತ್ರವಾಗಿ ತೋರುತ್ತದೆ. ನಾಲ್ಕು ಮೀಟರಿನೊಳಗಿನ, 1200 ಸಿ.ಸಿ.ವರೆಗಿನ ಪೆಟ್ರೋಲ್ ಕಾರಿನ ಬೆಲೆ ಈ ಮೋಟಾರ್‌ಸೈಕಲ್ಲಿನ ಎರಡರಷ್ಟಿದ್ದರೂ ಅದಕ್ಕೆ ಜಿ.ಎಸ್.ಟಿ. ಶೇ. 18 ಮಾತ್ರ. ರಾಜ್ಯದ ಜೀವಾವಧಿ ತೆರಿಗೆಯಲ್ಲಿ ಐದು ಲಕ್ಷದವರೆಗಿನ ಕಾರಿಗೆ ಶೇ. 13, ಹತ್ತು ಲಕ್ಷದವರೆಗೆ ಶೇ. 14, ಇಪ್ಪತ್ತು ಲಕ್ಷದವರೆಗೆ ಶೇ. 17. ಶೇ. 18ರ ದರ ತೆರಬೇಕಾದರೆ ಕಾರಿನ ಬೆಲೆ ಇಪ್ಪತ್ತು ಲಕ್ಷ ದಾಟಬೇಕು. ದ್ವಿಚಕ್ರ ವಾಹನ ಒಂದು ಲಕ್ಷ ದಾಟಿದರೆ ಸಾಕು! ಸಾಧಾರಣ ಸ್ಕೂಟರ್ ಕೂಡ ಆ ಮೊತ್ತವನ್ನು ಮುಟ್ಟುತ್ತಿರುವ ಈ ಕಾಲದಲ್ಲಿ ಆ ಮಿತಿಗೆ ಯಾವ ಅರ್ಥವೂ ಉಳಿದಿಲ್ಲ.

ಸಂಸ್ಥೆಯ ಹೆಸರಿನಲ್ಲಿ ಕೊಂಡರೆ ತೆರಿಗೆ ಉಳಿಯುವುದಿಲ್ಲವೇ ಎಂಬ ಪ್ರಶ್ನೆ ವರ್ತಕ ವಲಯದಲ್ಲಿ ಆಗಾಗ ಕೇಳಿಬರುತ್ತದೆ. ಹೆಚ್ಚೇನೂ ಉಳಿಯುವುದಿಲ್ಲ. ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 17(5)ನೇ ಪ್ರಕರಣವು ಹದಿಮೂರು ಆಸನಗಳವರೆಗಿನ ಪ್ರಯಾಣಿಕ ವಾಹನಗಳ ಹೂಡುವಳಿ ತೆರಿಗೆ ಜಮೆಯನ್ನು, ಕೆಲವು ವಿನಾಯಿತಿಗಳ ಹೊರತು, ತಡೆಹಿಡಿದಿದೆ. ಅದರ ವಿಮೆ ಮತ್ತು ದುರಸ್ತಿಯ ಜಮೆಗೂ ಅದೇ ಗತಿ. ಆದಾಯ ತೆರಿಗೆಯಲ್ಲಿ ಶೇ. 15ರ ಸವಕಳಿ ದೊರೆಯುವುದು ನಿಜ. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಭಾನುವಾರಗಳಂದು ಮಡಿಕೇರಿಗೆ ಹೋಗಿಬಂದ ಪೆಟ್ರೋಲನ್ನು ವ್ಯಾಪಾರದ ವೆಚ್ಚವೆಂದು ಬರೆದರೆ ತೆರಿಗೆ ಅಧಿಕಾರಿ ಒಪ್ಪುವುದಿಲ್ಲ, ಒಪ್ಪಬೇಕಾದ ಕಾರಣವೂ ಇಲ್ಲ.

ವಿಮೆಯಲ್ಲಿಯೂ ಅದೇ 350ರ ಗೆರೆ ಎದುರಾಗುತ್ತದೆ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷಗಳ ಮೂರನೇ ವ್ಯಕ್ತಿ ವಿಮೆ ಕಡ್ಡಾಯ. 2022ರ ಜೂನ್ 1ರಿಂದ ನಿಗದಿಯಾದ ದರದಂತೆ 150ರಿಂದ 350 ಸಿ.ಸಿ.ಯ ವಾಹನಕ್ಕೆ ಐದು ವರ್ಷಕ್ಕೆ ರೂ. 7,365, ಮೇಲಿನದಕ್ಕೆ ರೂ. 15,117. ಮಾರಾಟಗಾರರ ಬಿಲ್ಲಿನಲ್ಲಿ ಇದರ ಕೆಳಗೆ ಕಾಣಿಸಿಕೊಳ್ಳುವ ‘ಹ್ಯಾಂಡ್ಲಿಂಗ್ ಚಾರ್ಜ್’ ಎಂಬುದು ತೆರಿಗೆಯೂ ಅಲ್ಲ, ವಿಮೆಯೂ ಅಲ್ಲ ಎಂಬುದನ್ನು ಗ್ರಾಹಕರು ಅರಿತಿರುವುದು ಒಳ್ಳೆಯದು. ಹಾಗೆಂದು ಮಾರಾಟಗಾರರ ಸಂಕಟವೇನೂ ಕಡಿಮೆಯಲ್ಲ. ದರ ಬದಲಾದ ದಿನ ಅವರ ದಾಸ್ತಾನಿನ ಮೇಲಿದ್ದ ಪರಿಹಾರ ಸೆಸ್ಸಿನ ಜಮೆಯನ್ನು ಹೊಂದಿಸಿಕೊಳ್ಳಲು ದಾರಿಯೇ ಇರಲಿಲ್ಲ.

ಇಷ್ಟೆಲ್ಲ ತೆತ್ತ ಮೇಲೆ ಊರಿಗೆ ಹೊರಡುವ ಮಾತು. ಆಯುಧಪೂಜೆಯ ದಿನವೇ ಗಾಡಿ ಮನೆ ಮುಂದಿರಬೇಕೆಂದು ಗ್ರಾಹಕರು ಆತುರಪಡುವುದು ಸಹಜ. ಆದರೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ ಅದೇ ರಾಜ್ಯದಲ್ಲಿ ಮಾರಾಟವಾಗುವ ಹೊಸ ವಾಹನದ ನೋಂದಣಿಗೆ ಮಾರಾಟಗಾರನೇ ಅರ್ಜಿ ಸಲ್ಲಿಸಬೇಕು. ನೋಂದಣಿ ಸಂಖ್ಯೆ ಫಲಕದ ಮೇಲೆ ಕಾಣುವವರೆಗೆ ವಾಹನವನ್ನು ಹಸ್ತಾಂತರಿಸುವಂತಿಲ್ಲ. ಇದು ಬರಿಯ ಕಾಗದದ ನಿಯಮವಲ್ಲ. ತಾತ್ಕಾಲಿಕ ನೋಂದಣಿಯ ಅವಧಿ ಮುಗಿದಿದ್ದ ವಾಹನವೊಂದು ಅಪಘಾತಕ್ಕೀಡಾದ ಪ್ರಕರಣದಲ್ಲಿ, ವಿಮೆ ಚಾಲ್ತಿಯಲ್ಲಿದ್ದರೂ ಹಾನಿ ಭರಿಸಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪಿತ್ತಿದೆ. ನಾಲ್ಕೈದು ಲಕ್ಷದ ವಾಹನವನ್ನು ಒಂದು ಮುಹೂರ್ತಕ್ಕಾಗಿ ಅಂತಹ ಅಪಾಯಕ್ಕೆ ಒಡ್ಡುವುದು ವ್ಯವಹಾರಜ್ಞಾನವಲ್ಲ. ಖರೀದಿಯ ವೇಳೆ ಮಾನಕ ಬ್ಯೂರೋದ ಗುಣಮಟ್ಟದ ಹೆಲ್ಮೆಟ್ ಒದಗಿಸಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಕೇಳಿ ಪಡೆಯುವವರು ವಿರಳ.

ಬೆಂಗಳೂರಿನಿಂದ ಮೈಸೂರಿಗೆ 118 ಕಿಲೋಮೀಟರ್ ಉದ್ದದ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥಗಳಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ನಿಷೇಧದ ಪಟ್ಟಿಯಲ್ಲಿ ಆಟೋರಿಕ್ಷಾ, ಟ್ರ್ಯಾಕ್ಟರ್, ಎತ್ತಿನ ಗಾಡಿಗಳೂ ಇವೆ. ವೇಗದ ಅಂತರದಿಂದ ಸಂಭವಿಸುತ್ತಿದ್ದ ಅಪಘಾತಗಳು ಇದಕ್ಕೆ ಕಾರಣ. ಜೀವಹಾನಿಯ ಮಾತು ಬಂದಾಗ ಪ್ರಾಧಿಕಾರದ ಕಾಳಜಿಯನ್ನು ಅಲ್ಲಗಳೆಯಲಾಗದು. ನೂರು ಸಿ.ಸಿ.ಯ ಮೊಪೆಡ್ಡಿನಲ್ಲಿ ತರಕಾರಿ ಹೊತ್ತವನಿಗೆ ಆ ಪಥ ಸುರಕ್ಷಿತವೂ ಅಲ್ಲ. ಆದರೆ ಎ.ಬಿ.ಎಸ್. ಬ್ರೇಕ್ ಹೊಂದಿ, ಕಾರಿನ ವೇಗಕ್ಕೆ ಸಮನಾಗಿ ಓಡಬಲ್ಲ ವಾಹನವೂ ಅದೇ ಪಟ್ಟಿಗೆ ಸೇರಿರುವುದು ವಿಚಾರಾರ್ಹ. ತೆರಿಗೆ ಕೀಳುವಾಗ 350 ಮತ್ತು 351ರ ನಡುವಿನ ವ್ಯತ್ಯಾಸ ಇಷ್ಟು ಸ್ಪಷ್ಟವಾಗಿ ಕಾಣುವುದಾದರೆ, ರಸ್ತೆ ಬಿಡುವಾಗ ಅದು ಕಾಣದೆ ಹೋಗುವುದೇಕೆ?

ಹೀಗಾಗಿ ಹೊಸ ಗಾಡಿಯ ಒಡೆಯ ಪಕ್ಕದ ರಸ್ತೆ ಹಿಡಿಯುತ್ತಾನೆ. ಮಂಡ್ಯದ ಆಸುಪಾಸಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಾಗುತ್ತಾನೆ. ಹೊಸ ಎಂಜಿನ್ನಿಗೆ ಆರಂಭದ ದಿನಗಳಲ್ಲಿ ಮಿತವೇಗವೇ ಹಿತ, ಹೊಸ ಟೈರೂ ಹಿಡಿತಕ್ಕೆ ಬರಲು ಒಂದಿಷ್ಟು ದೂರ ಬೇಡುತ್ತದೆ. ಆ ಮಟ್ಟಿಗೆ ಮೊದಲ ದಿನದ ನಿಧಾನ ನಷ್ಟವಲ್ಲ. ಬೈಪಾಸುಗಳಿಂದ ಗಿರಾಕಿ ಕಳೆದುಕೊಂಡ ಚನ್ನಪಟ್ಟಣದ ಗೊಂಬೆಯಂಗಡಿಗೂ ಮದ್ದೂರಿನ ವಡೆಯ ಹೋಟೆಲಿಗೂ ಇಂದು ತಪ್ಪದೆ ಬರುವವರಲ್ಲಿ ಈ ಸವಾರರೂ ಸೇರಿದ್ದಾರೆ. 1961ರಿಂದ 1996ರವರೆಗೆ ಜಾವಾ, ಯೆಜ್ಡಿಗಳನ್ನು ತಯಾರಿಸಿದ ಮೈಸೂರಿಗೆ ಮೋಟಾರ್‌ಸೈಕಲ್ ಹೊರಗಿನ ವಸ್ತುವೇನೂ ಅಲ್ಲ.

ಮುಖ್ಯ ಪಥದ ವಿಚಾರ ಕೇಂದ್ರದ್ದು. ತೀರ್ಮಾನಕ್ಕೆ ಕಾಲ ಹಿಡಿಯಬಹುದು. ಜೀವಾವಧಿ ತೆರಿಗೆ ಪೂರ್ಣವಾಗಿ ರಾಜ್ಯದ ಕೈಯಲ್ಲಿದೆ. ಆಯವ್ಯಯಕ್ಕೆ ಮುನ್ನ ಸರ್ಕಾರಕ್ಕೆ ಸಲ್ಲಿಸುವ ಮನವಿಯಲ್ಲಿ ವಾಣಿಜ್ಯ ಸಂಸ್ಥೆಗಳು ಒಂದು ಲಕ್ಷದ ಮಿತಿಯನ್ನು ಏರಿಸುವಂತೆಯೂ, ತೆರಿಗೆಯ ಮೇಲೆ ತೆರಿಗೆ ಬೀಳದಂತೆ ಜಿ.ಎಸ್.ಟಿ.ಗೆ ಮುಂಚಿನ ಬೆಲೆಯನ್ನೇ ಆಧಾರವಾಗಿಟ್ಟುಕೊಳ್ಳುವಂತೆಯೂ ಕೋರಬಹುದು. ಎರಡನೆಯ ಕೋರಿಕೆಯೊಂದೇ ಈಡೇರಿದರೂ ಮೇಲಿನ ಉದಾಹರಣೆಯ 373 ಸಿ.ಸಿ. ವಾಹನದಲ್ಲಿ ಗ್ರಾಹಕನಿಗೆ ರೂ. 23,976 ಉಳಿಯುತ್ತದೆ. ಸವಾರನಿಗೊಂದು, ಹಿಂದೆ ಕೂರುವವರಿಗೊಂದು ಒಳ್ಳೆಯ ಹೆಲ್ಮೆಟ್, ರಕ್ಷಾಕವಚದ ಜಾಕೆಟ್ ಮತ್ತು ಕೈಗವಸಿಗೆ ಅಷ್ಟು ಸಾಕು.